ದೇವರ ಪೀಠಕ್ಕೆ 13 ಅಭ್ಯರ್ಥಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಜಪಾನಿನ ‘ಪ್ಲಾಟಿನಮ್ ಎಂಡ್’ ಎಂಬ ಮಾಂಗಾ (ಚಿತ್ರಕಥೆ) ಸರಣಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದ ಮೇಲೆ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆ ಒಂದೇ ವಿಷಯಕ್ಕೆ ಮೀಸಲಿಡುವುದು ಸರಿಯೆನಿಸಿತು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿ ಮಾಡಿದ್ದೇನೆ. ಕಥೆಯ ಅಂತ್ಯವನ್ನು ಕೊನೆಯ ಉತ್ತರದಲ್ಲಿ ಮಾತ್ರ ಹೇಳಿದ್ದೇನೆ. ತಾವೇ ಓದಿ ತಿಳಿಯಬೇಕೆನ್ನುವವರು ಅದೊಂದನ್ನು ಬಿಟ್ಟು ಉಳಿದದ್ದನ್ನು ನಿಶ್ಚಿಂತೆಯಿಂದ ಓದಬಹುದು.

ಪ್ರಶ್ನೆ: ಈ ಸರಣಿಯ ಹೆಸರನ್ನು ಗೆಳೆಯರಿಂದ ಕೇಳಿದ್ದೇನೆ, ಓದಿಲ್ಲ. ಕಥೆ ಏನು, ಬರೆದವರು ಯಾರು? ದೇವದೂತರು ಮನುಷ್ಯರನ್ನು ಆರಿಸುವುದಾದರೂ ಏತಕ್ಕೆ?
— ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಕಥೆ ತ್ಸುಗುಮಿ ಓಬಾ ಅವರದು, ಚಿತ್ರ ತಕೇಶಿ ಓಬಾತಾ ಅವರದು. ‘ಡೆತ್ ನೋಟ್’ ಮತ್ತು ‘ಬಾಕುಮಾನ್’ ಸರಣಿಗಳನ್ನು ಕೊಟ್ಟದ್ದೂ ಇದೇ ಜೋಡಿ. ಓಬಾ ಎಂಬುದು ಕಾವ್ಯನಾಮ. ಅದರ ಹಿಂದಿರುವವರು ಇಂದಿಗೂ ಓದುಗರ ಮುಂದೆ ಮುಖ ತೋರಿಲ್ಲ. ಶುಯೇಶಾ ಪ್ರಕಾಶನದ ‘ಜಂಪ್ ಸ್ಕ್ವೇರ್’ ಮಾಸಪತ್ರಿಕೆಯಲ್ಲಿ 2015ರ ನವೆಂಬರಿನಲ್ಲಿ ಆರಂಭವಾದ ಈ ಸರಣಿ 2021ರ ಜನವರಿಯಲ್ಲಿ ಮುಗಿಯಿತು. ಒಟ್ಟು 14 ಸಂಪುಟಗಳಾಗಿವೆ. ಇಂಗ್ಲಿಷ್ ಅನುವಾದವನ್ನು ವಿಜ್ ಮೀಡಿಯಾ ಹೊರತಂದಿದೆ.

ಕಥೆಯ ಚೌಕಟ್ಟು ಸರಳವಾಗಿದೆ. ಈಗಿರುವ ದೇವರು ತನ್ನ ಪದವಿಯಿಂದ ಇಳಿಯುತ್ತಿದ್ದಾನೆ. ಅದಕ್ಕೆ ಉಳಿದಿರುವುದು 999 ದಿನ. ಅಷ್ಟರೊಳಗೆ ಉತ್ತರಾಧಿಕಾರಿಯೊಬ್ಬ ಸಿಗಬೇಕು. 13 ಮಂದಿ ದೇವದೂತರು ಭೂಮಿಗಿಳಿದು ತಲಾ ಒಬ್ಬ ಮನುಷ್ಯನನ್ನು ಅಭ್ಯರ್ಥಿಯಾಗಿ ಆರಿಸುತ್ತಾರೆ. ಅವರು ಹುಡುಕುವುದು ಪುಣ್ಯವಂತರನ್ನಲ್ಲ, ವಿದ್ವಾಂಸರನ್ನಲ್ಲ, ಬಲಶಾಲಿಗಳನ್ನೂ ಅಲ್ಲ. ಬದುಕಿನ ಆಸೆ ಕಳೆದುಕೊಂಡವರನ್ನು. ಸರಣಿಯ ಜೀವಾಳ ಇರುವುದು ಈ ಆಯ್ಕೆಯಲ್ಲಿಯೇ. ಕಥಾನಾಯಕ ಮಿರಾಯಿ ಕಾಕೆಹಾಶಿ ತಂದೆ ತಾಯಿ ತಮ್ಮನನ್ನು ಕಳೆದುಕೊಂಡು, ನೆಂಟರ ಮನೆಯಲ್ಲಿ ಆಳಿಗಿಂತ ಕಡೆಯಾಗಿ ಬೆಳೆದ ಹುಡುಗ. ಕೆಳ ಪ್ರೌಢಶಾಲೆಯ ಬೀಳ್ಕೊಡುಗೆಯ ದಿನ, ಜೊತೆಯವರೆಲ್ಲ ಸಂಭ್ರಮದಲ್ಲಿರುವಾಗ ಅವನು ಸಾಯಲು ಹೊರಡುತ್ತಾನೆ. ಆಗ ನಸ್ಸೆ ಎಂಬ ದೇವದೂತೆ ಅವನನ್ನು ಹಿಡಿದು ಉಳಿಸಿ, ಎರಡು ವಸ್ತುಗಳನ್ನು ಕೊಡುತ್ತಾಳೆ: ಸ್ವಾತಂತ್ರ್ಯದ ಹೆಸರಿನಲ್ಲಿ ರೆಕ್ಕೆ, ಪ್ರೀತಿಯ ಹೆಸರಿನಲ್ಲಿ ಕೆಂಪು ಬಾಣ. (ದೂತರಿಗೆ ಗಂಡು ಹೆಣ್ಣೆಂಬ ಭೇದ ಇಲ್ಲ, ನಸ್ಸೆಯ ರೂಪ ನೋಡಿ ‘ಅವಳು’ ಎಂದು ಬರೆಯುತ್ತಿದ್ದೇನೆ, ಅಷ್ಟೆ.)

ರೆಕ್ಕೆ ಪಡೆದವನು ಸಾಮಾನ್ಯರ ಕಣ್ಣಿಗೆ ಸಿಕ್ಕದಷ್ಟು ವೇಗವಾಗಿ ಹಾರಬಲ್ಲ. ಕೆಂಪು ಬಾಣ ತಗುಲಿದವರು ಹೊಡೆದವನನ್ನು 33 ದಿನ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಾರೆ. ಇನ್ನೊಂದು ಬಿಳಿ ಬಾಣ. ಅದು ತಾಗಿದರೆ ನೋವಿಲ್ಲದ ಸಾವು. ಮೂರನ್ನೂ ಕೊಡಬಲ್ಲವರು ನಸ್ಸೆಯಂಥ ವಿಶೇಷ ದರ್ಜೆಯ ದೂತರು ಮಾತ್ರ. ಕೆಳಗಿನ ದರ್ಜೆಯವರು ಕೊಡುವುದು ಅದಕ್ಕಿಂತ ಕಡಿಮೆ. ಅಂದರೆ ಅಭ್ಯರ್ಥಿಗಳ ನಡುವೆ ಆಟ ಆರಂಭದಿಂದಲೇ ಸಮಬಲದ್ದಲ್ಲ. ಮೆಟ್ರೊಪೊಲಿಮ್ಯಾನ್ ಎಂಬ ಮುಖವಾಡ ಧರಿಸಿದ ಅಭ್ಯರ್ಥಿಯೊಬ್ಬ ಉಳಿದವರನ್ನು ಒಬ್ಬೊಬ್ಬರಾಗಿ ಮುಗಿಸಲು ಹೊರಟಾಗ ಕಥೆ ಬಿಸಿಯೇರುತ್ತದೆ.

ಪ್ರಶ್ನೆ: ಮೊದಲು ಪುಸ್ತಕ ಓದಬೇಕೆ, ಅನಿಮೆ ನೋಡಬೇಕೆ?
— ಓದುಗರು, ಹೊಸಪೇಟೆ

ಉತ್ತರ: ಪುಸ್ತಕ. ಅನಿಮೆಯನ್ನು, ಅಂದರೆ ಇದೇ ಕಥೆಯ ಆನಿಮೇಷನ್ ರೂಪವನ್ನು, ಸಿಗ್ನಲ್ ಎಂಡಿ ಸ್ಟುಡಿಯೊ ತಯಾರಿಸಿತು. 2021ರ ಅಕ್ಟೋಬರಿನಿಂದ 2022ರ ಮಾರ್ಚಿನವರೆಗೆ 24 ಕಂತುಗಳಲ್ಲಿ ಪೂರ್ತಿ ಕಥೆ ಬಂತು. ಕಥೆ ತಿಳಿಯಲು ಅದು ಸಾಕು. ಆದರೆ ಈ ಸರಣಿಯ ಅರ್ಧ ಬಲ ಓಬಾತಾ ಅವರ ಲೇಖನಿಯಲ್ಲಿದೆ, ಮತ್ತು ಆ ಗೆರೆ ಪರದೆಗೆ ಬರುವಷ್ಟರಲ್ಲಿ ತೆಳುವಾಗಿಬಿಟ್ಟಿದೆ.

ಪ್ರಶ್ನೆ: ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳು ಈ ಪುಸ್ತಕ ಓದುವುದನ್ನು ನೋಡಿ ನಾನೂ ಮೊದಲ ಅಧ್ಯಾಯ ತಿರುವಿದೆ. ಹುಡುಗನೊಬ್ಬ ಪ್ರಾಣ ಕಳೆದುಕೊಳ್ಳಲು ಹೋಗುವುದರಿಂದಲೇ ಕಥೆ ಶುರುವಾಗುವುದನ್ನು ಕಂಡು ಎದೆ ಧಸಕ್ಕೆಂದಿತು. ಪುಸ್ತಕವನ್ನು ಕಿತ್ತುಕೊಳ್ಳಲೇ?
— ತಾಯಿ, ದಾವಣಗೆರೆ

ಉತ್ತರ: ನಿಮ್ಮ ಭಯ ನ್ಯಾಯವಾದದ್ದು. ಅದನ್ನು ಹಗುರವಾಗಿ ತೆಗೆದುಕೊಳ್ಳುವ ಮನಸ್ಸು ನನಗಿಲ್ಲ. ಈ ಸರಣಿ ಚಿಕ್ಕ ಮಕ್ಕಳಿಗಲ್ಲ. ಇದರಲ್ಲಿ ಸಾವು ಇದೆ, ರಕ್ತ ಇದೆ, ಹೆಣ್ಣುಮಕ್ಕಳನ್ನು ಕೀಳಾಗಿ ನಡೆಸಿಕೊಳ್ಳುವ ದೃಶ್ಯಗಳಿವೆ. ನನ್ನನ್ನು ಕೇಳಿದರೆ ಹದಿನಾರು ತುಂಬುವವರೆಗೆ ಕಾಯುವುದು ಒಳ್ಳೆಯದು. ಆದರೆ ಓದುತ್ತಿರುವ ಪುಸ್ತಕವನ್ನು ಕಿತ್ತುಕೊಂಡರೆ ಮಗಳು ಅದನ್ನು ಬೇರೆ ಕಡೆ, ನಿಮಗೆ ತಿಳಿಯದಂತೆ ಓದುತ್ತಾಳೆ. ಆಗ ಆ ಅಧ್ಯಾಯದ ಬಗ್ಗೆ ಮಾತಾಡುವ ದಾರಿಯೂ ಮುಚ್ಚಿಹೋಗುತ್ತದೆ.

ನೀವು ಮೊದಲ ಅಧ್ಯಾಯದ ಆಚೆಗೂ ಒಂದಿಷ್ಟು ಓದಿ. ಮಿರಾಯಿ ತನ್ನ ಚಿಕ್ಕಮ್ಮನ ಮೇಲೆ ಕೆಂಪು ಬಾಣ ಬಿಟ್ಟು ಸತ್ಯವನ್ನು ಹೊರಡಿಸುತ್ತಾನೆ. ತನ್ನ ಕುಟುಂಬದ ಸಾವು ಆಕಸ್ಮಿಕವಲ್ಲ, ಅದರ ಹಿಂದೆ ಈ ನೆಂಟರೇ ಇದ್ದರು ಎಂದು ಅವನಿಗೆ ತಿಳಿಯುವುದು ಆಗ. ಆ ಸಂಕಟದಲ್ಲಿ ಅವನ ಬಾಯಿಂದ ಒಂದು ಕಠಿಣ ಮಾತು ಬಂದುಬಿಡುತ್ತದೆ. ಬಾಣದ ವಶದಲ್ಲಿದ್ದ ಆಕೆ ಅದನ್ನು ಆಜ್ಞೆಯೆಂದು ತಿಳಿದು ಪ್ರಾಣ ಬಿಡುತ್ತಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ನಮ್ಮ ಗಾದೆ ಇಲ್ಲಿ ಅಕ್ಷರಶಃ ಕಣ್ಣೆದುರು ನಡೆಯುತ್ತದೆ. ಸೇಡು ತೀರಿತೆಂಬ ಸಮಾಧಾನ ಆ ಹುಡುಗನಿಗೆ ಒಂದು ಕ್ಷಣವೂ ಸಿಗುವುದಿಲ್ಲ. ಇನ್ನೊಬ್ಬರ ಸಾವು ತನಗೆ ಎಷ್ಟು ಅಸಹನೀಯ ಎಂಬುದನ್ನು, ಅದೇ ದಿನ ತಾನೂ ಸಾಯಲು ಹೊರಟಿದ್ದ ಹುಡುಗ ಅಲ್ಲಿ ಕಲಿಯುತ್ತಾನೆ. ಮುಂದೆ ಎಷ್ಟೇ ಸಂಕಷ್ಟ ಬಂದರೂ ಬಿಳಿ ಬಾಣಕ್ಕೆ ಕೈ ಹಾಕಲು ಅವನು ಹಿಂಜರಿಯುವುದಕ್ಕೆ ಬೇರು ಇಲ್ಲಿದೆ. ಮನುಷ್ಯ ಹುಟ್ಟುವುದು ಸುಖವಾಗಿರಲೆಂದು ಎಂಬ ತಾಯಿಯ ನಂಬಿಕೆಯನ್ನು ಅವನು ಹಿಡಿದುಕೊಳ್ಳುವುದೂ ಇಲ್ಲಿಂದಲೇ. ಅವನ ಹೆಸರಿನಲ್ಲೂ ಇದೇ ಇದೆ: ‘ನಾಳೆ’ ಎಂದು ಬರೆಯುವ ಎರಡು ಅಕ್ಷರಗಳನ್ನು ‘ಮಿರಾಯಿ’, ಅಂದರೆ ಭವಿಷ್ಯ, ಎಂದು ಓದಿಸಿದ್ದಾರೆ.

ಮಗಳ ಪಕ್ಕದಲ್ಲಿ ಕುಳಿತು, ಪರೀಕ್ಷೆ ಮಾಡುವ ಧಾಟಿ ಇಲ್ಲದೆ, ಆ ಹುಡುಗನಿಗೆ ಅಷ್ಟು ಬೇಸರ ಯಾಕೆ ಬಂದಿರಬಹುದು ಎಂದು ಕೇಳಿ. ಅವಳು ಕಥೆಯ ಬಗ್ಗೆ ಮಾತಾಡಿದರೆ ಒಳ್ಳೆಯದು. ಕಥೆಯ ನೆಪದಲ್ಲಿ ತನ್ನ ಬಗ್ಗೆ ಮಾತಾಡಿದರೆ, ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. ಸಾಯಬೇಕೆನಿಸುತ್ತದೆ ಎಂಬ ಮಾತು ಯಾವ ರೂಪದಲ್ಲಿ ಬಂದರೂ, ತಮಾಷೆಯಾಗಿ ಬಂದರೂ, ಅದನ್ನು ನಿಜವೆಂದೇ ಎಣಿಸಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಈ ವ್ಯವಸ್ಥೆಗೆ ಮಾರ್ಗದರ್ಶನ ಮಾಡುತ್ತಿರುವುದು ಬೆಂಗಳೂರಿನ ನಿಮ್ಹಾನ್ಸ್. ತಾಯಂದಿರೂ ಸಲಹೆಗಾಗಿ ಕರೆ ಮಾಡಬಹುದು. ಈ ಸಂಖ್ಯೆಯನ್ನು ಈ ಉತ್ತರ ಓದುತ್ತಿರುವ ಎಲ್ಲರೂ ಬರೆದಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಜಪಾನ್ ಬೌದ್ಧರ ಮತ್ತು ಶಿಂಟೊ ನಂಬಿಕೆಯ ನಾಡು. ಅಲ್ಲಿಗೆ ರೆಕ್ಕೆಯ ದೇವದೂತರು ಎಲ್ಲಿಂದ ಬಂದರು? ದೇವರು ನಿವೃತ್ತನಾಗುತ್ತಾನೆ ಎನ್ನುವುದೂ ನನಗೆ ವಿಚಿತ್ರವಾಗಿ ಕಂಡಿತು. ನಮ್ಮ ಇಂದ್ರ ಪದವಿಯ ಹಾಗೆಯೇ ಇದು?
— ನಿವೃತ್ತ ಉಪಾಧ್ಯಾಯರು, ಧಾರವಾಡ

ಉತ್ತರ: ಮೇಷ್ಟ್ರೇ, ಈ ತಿಂಗಳ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ನಿಮ್ಮದು.

ಜಪಾನಿಗೆ ಕ್ರೈಸ್ತ ಧರ್ಮವನ್ನು ಮೊದಲು ಒಯ್ದವರು ಫ್ರಾನ್ಸಿಸ್ ಝೇವಿಯರ್. ಅವರು 1549ರಲ್ಲಿ ನಮ್ಮ ಪಕ್ಕದ ಗೋವೆಯಿಂದಲೇ ಹೊರಟು ಅದೇ ವರ್ಷ ಕಾಗೊಶಿಮಾದಲ್ಲಿ ಇಳಿದರು. 1614ರಲ್ಲಿ ಆ ಧರ್ಮಕ್ಕೆ ದೇಶದಾದ್ಯಂತ ನಿಷೇಧ ಬಿತ್ತು; ನಾಗಸಾಕಿಯ ಕಡೆ ಹಲವರು ತಲೆತಲಾಂತರ ಗುಟ್ಟಾಗಿ ಪ್ರಾರ್ಥನೆ ಉಳಿಸಿಕೊಂಡರು. ನಿಷೇಧದ ಫಲಕಗಳನ್ನು ತೆಗೆದದ್ದು 1873ರಲ್ಲಿ. ಇಂದಿಗೂ ಅಲ್ಲಿ ಕ್ರೈಸ್ತರ ಸಂಖ್ಯೆ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿದೆ. ಹಾಗಾಗಿ ಬಹುಪಾಲು ಜಪಾನಿ ಓದುಗರಿಗೆ ರೆಕ್ಕೆಯ ದೂತ ಪೂಜೆಯ ವಸ್ತುವಲ್ಲ, ಪಶ್ಚಿಮದ ಚಿತ್ರಕಲೆಯಿಂದ ಬಂದ ಸುಂದರ ಆಕೃತಿ. ದೂತನಿಗೆ ಅವರ ಭಾಷೆಯಲ್ಲಿ ‘ತೆನ್ಶಿ’ ಎನ್ನುತ್ತಾರೆ. ಬಾನಿನ ದೂತ ಎಂದು ಅದರ ಅರ್ಥ. ನಮ್ಮ ‘ದೇವದೂತ’ ಎಂಬ ಪದದ ಕಟ್ಟಡವೂ ಅದೇ ಅಲ್ಲವೇ. ದೇವರಿಗೆ ‘ಕಾಮಿ’ ಎನ್ನುತ್ತಾರೆ. ಬೆಟ್ಟಕ್ಕೂ ಮರಕ್ಕೂ ನದಿಗೂ ಸತ್ತ ಮಹಾಪುರುಷನಿಗೂ ಸಲ್ಲುವ ಪದ ಅದು; ಎಂಬತ್ತು ಲಕ್ಷ ಕಾಮಿಗಳು ಎನ್ನುವುದು ಅಲ್ಲಿನ ಮಾತಿನ ರೂಢಿ. ಅದೇ ಪದವನ್ನು ಕ್ರೈಸ್ತರ ಏಕದೇವನಿಗೂ ಬಳಸುತ್ತಾರೆ. ಮನುಷ್ಯನೊಬ್ಬ ಕಾಮಿಯಾಗುವುದು ಆ ನಾಡಿನಲ್ಲಿ ಹೊಸತಲ್ಲ. ಆದ್ದರಿಂದ ದೇವರ ಪೀಠಕ್ಕೆ ಅಭ್ಯರ್ಥಿಗಳು ಎಂದಾಗ ಯುರೋಪಿನ ಓದುಗನಿಗೆ ಆಗುವ ಆಘಾತ ಜಪಾನಿ ಓದುಗನಿಗೆ ಆಗುವುದಿಲ್ಲ.

ನಮಗೂ ಆಗಬೇಕಾಗಿಲ್ಲ, ನೀವು ಇಂದ್ರನನ್ನು ನೆನೆದದ್ದು ಅದಕ್ಕೇ. ಮನ್ವಂತರಕ್ಕೊಬ್ಬ ಇಂದ್ರ, ಮುಂದಿನ ಸರದಿ ಬಲಿಯದು ಎನ್ನುವ ಪುರಾಣದಲ್ಲಿ ಪೀಠ ಸ್ಥಿರ, ಕೂರುವವನು ಬದಲು. ಆದರೆ ನನಗೆ ಇನ್ನೂ ಹತ್ತಿರವಾಗಿ ಕಾಣುವುದು ನಹುಷನ ಕಥೆ. ವೃತ್ರನನ್ನು ಕೊಂದ ಪಾಪಕ್ಕೆ ಹೆದರಿ ಇಂದ್ರ ಅಡಗಿಕೊಂಡಾಗ, ಖಾಲಿ ಪೀಠಕ್ಕೆ ದೇವತೆಗಳೂ ಋಷಿಗಳೂ ಆರಿಸಿ ತಂದು ಕೂರಿಸಿದ್ದು ಮನುಷ್ಯನಾದ ನಹುಷನನ್ನು. ತನಗೆ ಬಲ ಸಾಲದೆಂದು ಅವನು ಅಂಜಿದಾಗ ಅವರು ಕೊಟ್ಟ ವರವನ್ನು ಗಮನಿಸಿ: ಅವನ ದೃಷ್ಟಿಗೆ ಬಿದ್ದವರೆಲ್ಲರ ತೇಜಸ್ಸು ಅವನಿಗೆ ಸೇರಿಬಿಡುತ್ತದೆ. ಕೆಂಪು ಬಾಣವೂ ಇದೇ ಕೆಲಸ ಮಾಡುತ್ತದೆ, ಎದುರಿನವನ ಇಚ್ಛೆಯನ್ನು ಹೀರಿಕೊಳ್ಳುತ್ತದೆ. ಅಂಜುತ್ತ ಪೀಠ ಏರಿದ ನಹುಷ ಶಚಿಯನ್ನು ಬಯಸಿದ, ಋಷಿಗಳಿಂದ ಪಲ್ಲಕ್ಕಿ ಹೊರಿಸಿದ, ಅಗಸ್ತ್ಯರನ್ನು ಕಾಲಿನಿಂದ ಒದ್ದು ಹಾವಾಗಿ ಕೆಳಗೆ ಬಿದ್ದ.

ವ್ಯತ್ಯಾಸವೂ ಇದೆ. ನಹುಷನನ್ನು ಆರಿಸಿದ್ದು ಅವನ ಧರ್ಮವನ್ನೂ ಕೀರ್ತಿಯನ್ನೂ ನೋಡಿ. ಕೆಟ್ಟಾಗ ಶಪಿಸಲು ಅಲ್ಲಿ ಅಗಸ್ತ್ಯರಿದ್ದರು. ಜಪಾನಿನ ಈ ಕಥೆಯಲ್ಲಿ ಅಂಥ ಋಷಿ ಇಲ್ಲ. ದೂತರಿಗೆ ಒಳಿತು ಕೆಡುಕಿನ ಗೊಡವೆಯೇ ಇಲ್ಲ. ಹಾಲಿನಂತೆ ಬೆಳ್ಳಗಿರುವ ನಸ್ಸೆ, ಮಗುವಿನ ನಗೆ ನಗುತ್ತ, ಬೇಕಾದದ್ದನ್ನು ಬಾಣದ ಬಲದಿಂದ ತೆಗೆದುಕೋ ಎನ್ನುತ್ತಾಳೆ. ಅವಳಲ್ಲಿ ದುಷ್ಟತನ ಲವಲೇಶವೂ ಇಲ್ಲ, ಮಿರಾಯಿ ಸುಖವಾಗಿರಲಿ ಎಂಬ ಒಂದೇ ಬಯಕೆ. ಅಲ್ಲಿ ಮೈ ಜುಮ್ಮೆನ್ನುವುದು ಅದರಿಂದಲೇ. ಇದಕ್ಕೆ ಹೊರತಾಗಿ ನಿಲ್ಲುವವನು ರೆವೆಲ್ ಎಂಬ ಕೆಳ ದರ್ಜೆಯ ದೂತ. ಮಿರಾಯಿಯ ಬಾಲ್ಯದ ಗೆಳತಿ ಸಾಕಿಯ ಜೊತೆಗಿದ್ದು ಮನುಷ್ಯರ ಭಾವನೆ ಅವನಿಗೂ ತಟ್ಟುತ್ತದೆ, ಅದರಿಂದಲೇ ಅವನ ದರ್ಜೆ ಏರುತ್ತದೆ, ಸಾಕಿಗೆ ರೆಕ್ಕೆ ಸಿಗುತ್ತದೆ. ಇಡೀ ಸರಣಿಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಅದು.

ಪ್ರಶ್ನೆ: ಕೆಂಪು ಬಾಣದ ಪ್ರೀತಿಯನ್ನು ಪ್ರೀತಿ ಎನ್ನಬಹುದೆ? ನಮ್ಮ ಮನ್ಮಥನ ಹೂಬಾಣಕ್ಕೂ ಇದಕ್ಕೂ ಏನು ವ್ಯತ್ಯಾಸ?
— ಓದುಗಿ, ಮಂಡ್ಯ

ಉತ್ತರ: ಎನ್ನಲಾಗದು, ಮತ್ತು ಕಥೆಯೂ ಹಾಗೆ ಎನ್ನುವುದಿಲ್ಲ. ಮನ್ಮಥ ತಾವರೆ, ಅಶೋಕ, ಮಾವು, ಮಲ್ಲಿಗೆ, ನೈದಿಲೆಗಳ ಐದು ಬಾಣ ಬಿಟ್ಟು ತಾನು ಬದಿಗೆ ಸರಿಯುತ್ತಾನೆ. ಅವನು ಕೂಡಿಸುವುದು ಬೇರೆ ಇಬ್ಬರನ್ನು. ಕೆಂಪು ಬಾಣ ಬಿಟ್ಟವನು ತನಗೆ ತಾನೇ ಪ್ರೀತಿಯನ್ನು ವಸೂಲಿ ಮಾಡಿಕೊಳ್ಳುತ್ತಾನೆ. ಹಾಸ್ಯನಟನಾದ ಅಭ್ಯರ್ಥಿಯೊಬ್ಬ ಅದನ್ನು ತನ್ನ ಭೋಗಕ್ಕಾಗಿ ಬಳಸುತ್ತಾನೆ, ಅವನ ಪಾಡು ಏನಾಗುತ್ತದೆ ಎಂಬುದು ಆರಂಭದ ಅಧ್ಯಾಯಗಳಲ್ಲಿಯೇ ಇದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಮಿರಾಯಿ ಮತ್ತು ಸಾಕಿಯ ಪ್ರಸಂಗ. ಮಿರಾಯಿ ಸಾಕಿಯನ್ನು ಎಳೆಯ ವಯಸ್ಸಿನಿಂದಲೂ ಮೆಚ್ಚಿದವನು. ಬಾಣ ಅವನ ಕೈಯಲ್ಲೇ ಇದ್ದರೂ ಅವಳ ಮೇಲೆ ಬಿಡಲು ಮನಸ್ಸು ಬರುವುದಿಲ್ಲ. ಕೊನೆಗೆ ಬಾಣ ತಗಲುವುದು ಅವನಿಗೇ, ಅದೂ ಸಾಕಿಯ ಕಡೆಯಿಂದ. ಮೊದಲೇ ಪ್ರೀತಿಸುತ್ತಿದ್ದ ಹುಡುಗನಿಗೆ ಪ್ರೀತಿಯ ಬಾಣ ತಗುಲಿದರೆ ಬದಲಾಗುವುದೇನು? ಬದಲಾವಣೆ ಬಾಣದ ಅವಧಿ ತೀರಿದ ಮೇಲೆ ಗೊತ್ತಾಗಬೇಕು. ಆ 33 ದಿನಗಳಲ್ಲಿ ತನ್ನ ಎದೆಯಲ್ಲಿರುವುದು ತನ್ನದೋ ಬಾಣದ್ದೋ ಎಂದು ಅವನಿಗೇ ಹೇಳಲಾಗದು. ಹದಿಹರೆಯದ ಪ್ರೀತಿಯ ಗೊಂದಲವನ್ನು ಇಷ್ಟು ನೇರವಾಗಿ ಒಂದು ನಿಯಮದೊಳಗೆ ಹಿಡಿದದ್ದಕ್ಕೆ ಓಬಾ ಅವರನ್ನು ಮನಸಾರೆ ಮೆಚ್ಚುತ್ತೇನೆ.

ಪ್ರಶ್ನೆ: ನಾನು ಚಿತ್ರಕಲಾ ವಿದ್ಯಾರ್ಥಿ. ಓಬಾತಾ ಅವರ ಚಿತ್ರಗಳಲ್ಲಿ ಏನನ್ನು ಗಮನಿಸಬೇಕು? ಪುಟಗಳನ್ನು ಹಿಂದಿನಿಂದ ಓದಬೇಕಾದದ್ದರಿಂದ ನನಗೆ ಗೊಂದಲವೂ ಆಗುತ್ತಿದೆ.
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಓದುವ ಕ್ರಮ ಮೊದಲು. ನಮ್ಮ ಕಣ್ಣಿಗೆ ಪುಸ್ತಕದ ಬೆನ್ನುಪುಟವಾಗಿ ಕಾಣುವುದು ಅದರ ಮುಖಪುಟ. ಪ್ರತಿ ಪುಟದಲ್ಲೂ ಬಲ ಮೇಲಿನ ಚೌಕದಿಂದ ಹೊರಟು ಎಡಕ್ಕೆ ಸಾಗಬೇಕು, ಆಮೇಲೆ ಕೆಳಗಿನ ಸಾಲು. ಚೌಕದೊಳಗಿನ ಮಾತಿನ ಗುಳ್ಳೆಗಳಿಗೂ ಇದೇ ಕ್ರಮ. ಉರ್ದು ಓದಬಲ್ಲ ನಿಮ್ಮ ಊರಿನ ಗೆಳೆಯರಿಗೆ ಇದು ಕ್ಷಣದಲ್ಲಿ ಹಿಡಿಸುತ್ತದೆ, ಉಳಿದವರಿಗೆ ಒಂದು ಸಂಪುಟ ಸಾಕು.

ಚಿತ್ರಗಳಲ್ಲಿ ರೆಕ್ಕೆಯನ್ನು ನೋಡಿ. ಮನುಷ್ಯನ ಬೆನ್ನಿನಿಂದ ರೆಕ್ಕೆ ಹೊರಡುವುದು ಸುಳ್ಳು; ಆದರೆ ಮಿರಾಯಿಯ ಅಂಗಿಯ ಮಡಿಕೆ, ಭುಜದ ವಾಲುವಿಕೆ, ಕೂದಲು ಗಾಳಿಗೆ ಎದ್ದ ದಿಕ್ಕು ಇವೆಲ್ಲ ನಿಜವಾಗಿರುವುದರಿಂದ ರೆಕ್ಕೆಯೂ ನಿಜವೆನಿಸುತ್ತದೆ. ನಗರವನ್ನು ಮೇಲಿನಿಂದ ತೋರಿಸುವ ಚೌಕಗಳಲ್ಲಿ ಕಿಟಕಿ, ಮಾಳಿಗೆಯ ನೀರಿನ ತೊಟ್ಟಿ, ಕಂಬದ ತಂತಿ ಯಾವುದನ್ನೂ ಅವರು ತಪ್ಪಿಸುವುದಿಲ್ಲ. ದೂತರನ್ನು ಬಿಡಿಸುವಾಗ ಮಾತ್ರ ಲೇಖನಿ ಹಗುರಾಗುತ್ತದೆ: ನಸ್ಸೆಯ ಮುಖದ ಮೇಲೆ ನೆರಳಿನ ಗೆರೆ ಅಪರೂಪ, ಕಾಗದದ ಬಿಳಿಯೇ ಅವಳ ಮೈ. ಗೆರೆ ತುಂಬಿದ ಮನುಷ್ಯರ ಪಕ್ಕದಲ್ಲಿ ಆ ಖಾಲಿ ಬಿಳುಪು ನಿಂತಾಗ, ಅವಳು ಈ ಲೋಕದವಳಲ್ಲ ಎಂಬುದಕ್ಕೆ ಬೇರೆ ಮಾತೇ ಬೇಡವಾಗುತ್ತದೆ. ಒಂದು ಚೌಕವನ್ನು ಪೆನ್ಸಿಲಿನಲ್ಲಿ ನಕಲು ಮಾಡಿ ನೋಡಿ. ಎಲ್ಲಿ ಗೆರೆ ಹಾಕಿಲ್ಲ ಎಂಬುದು ಆಗ ತಿಳಿಯುತ್ತದೆ.

ಪ್ರಶ್ನೆ: ಕೊನೆಯ ಸಂಪುಟ ಓದಿ ನನಗೆ ಮೋಸವಾದಂತೆ ಅನಿಸಿತು. ಮೆಟ್ರೊಪೊಲಿಮ್ಯಾನ್ ಇರುವವರೆಗೆ ಓಡಿದ ಕಥೆ ಆಮೇಲೆ ಬರೀ ವಾದದಲ್ಲಿ ಮುಗಿಯಿತು. ನಿಮ್ಮ ಅಭಿಪ್ರಾಯವೇನು?
— ಓದುಗರು, ಮಂಗಳೂರು. ಇದೇ ಅರ್ಥದ ಇನ್ನೂ ಹಲವು ಪತ್ರಗಳು ಬಂದಿವೆ

ಉತ್ತರ: ಅಂತ್ಯ ತಿಳಿಯಬಾರದೆನ್ನುವವರು ಇಲ್ಲಿಗೆ ನಿಲ್ಲಿಸಿ.

ಮೊದಲ ಭಾಗ ಬಿಗಿಯಾಗಿದೆ ಎನ್ನುವುದನ್ನು ಒಪ್ಪುತ್ತೇನೆ. ಮೆಟ್ರೊಪೊಲಿಮ್ಯಾನ್‌ಗೆ ಸತ್ತ ತಂಗಿಯನ್ನು ಮರಳಿ ಪಡೆಯುವ ಹಂಬಲವಿದೆ. ಅವನ ಎದುರು ಕ್ಯಾನ್ಸರಿನಿಂದ ಸಾಯುತ್ತಿರುವ ಮುಕೈದೊ, ಹೆಂಡತಿ ಮತ್ತು ಮಗಳಿಗಾಗಿ ಉಳಿದ ದಿನಗಳನ್ನು ಒತ್ತೆಯಿಟ್ಟು ನಿಲ್ಲುತ್ತಾನೆ. ಇಬ್ಬರೂ ಪ್ರೀತಿಯ ಹೆಸರಿನಲ್ಲಿಯೇ ಹೋರಾಡುವುದರಿಂದ ಆ ಕಾಳಗಕ್ಕೆ ತೂಕ ಬರುತ್ತದೆ. ಅವರು ಹೋದ ಮೇಲೆ ಬರುವವರು ನೊಬೆಲ್ ಪುರಸ್ಕೃತ ಪ್ರೊಫೆಸರ್ ಯೊನೆದಾ. ದೇವರೆನ್ನುವುದು ಮನುಷ್ಯರ ಕಲ್ಪನೆಯಿಂದ ಹುಟ್ಟಿದ ಜೀವಿ, ಆ ಪೀಠಕ್ಕೆ ಯಾರೂ ಬೇಡ ಎನ್ನುವುದು ಅವರ ನಿಲುವು. ಕಥೆ ಆಕಾಶದಿಂದ ಇಳಿದು ಕೋಣೆಯೊಳಗೆ ಕೂರುತ್ತದೆ. ತಿಂಗಳಿಗೊಂದು ಅಧ್ಯಾಯ ಓದುತ್ತಿದ್ದವರಿಗೆ ಅದು ಬೇಸರ ತಂದಿರುವುದು ಸಹಜ. ಸಂಪುಟಗಳನ್ನು ಒಟ್ಟಿಗೆ ಓದಿದ ನನಗೆ ವಾದ ಉದ್ದವೆನಿಸಿತು, ವ್ಯರ್ಥವೆನಿಸಲಿಲ್ಲ. ದೇವರ ಪೀಠಕ್ಕಾಗಿ ಅಷ್ಟು ಜನ ಸತ್ತ ಮೇಲೆ, ಆ ಪೀಠ ಬೇಕೆ ಎಂದು ಯಾರಾದರೂ ಕೇಳಲೇಬೇಕಿತ್ತು.

ನನ್ನ ತಕರಾರು ಬೇರೆ ಕಡೆ ಇದೆ. ಕಡೆಗೆ ದೇವರಾಗುವವನು ಶುಜಿ ನಕೌಮಿ, ಶಾಲೆಗೆ ಹೋಗುವ ಹುಡುಗ. ಬದುಕಲು ಇಷ್ಟವಿಲ್ಲದವರಿಗೆ ಸಾಯುವ ಹಕ್ಕು ಇರಬೇಕು ಎಂದು ಶಾಂತವಾಗಿ ಹೇಳುತ್ತ ಬಂದವನು ಅವನು. ಪೀಠ ಏರಿದ ಅವನು ಕಾಲಾಂತರದಲ್ಲಿ ತನ್ನ ಇರುವಿಕೆಯನ್ನೇ ಕೊನೆಗೊಳಿಸಿಕೊಳ್ಳುತ್ತಾನೆ; ಅವನೊಂದಿಗೆ ಮನುಷ್ಯಕುಲವೂ ಅಳಿಸಿಹೋಗುತ್ತದೆ. ತರ್ಕದಲ್ಲಿ ಇದಕ್ಕೆ ಕೊರತೆಯಿಲ್ಲ. ಬದುಕಿನ ಆಸೆ ಇಲ್ಲದವರನ್ನೇ ಹುಡುಕಿ ತಂದ ಆಟ ಅಂಥವನ ಕೈಯಲ್ಲಿ ಹೀಗೆ ಮುಗಿಯುವುದು ಆ ಆಟದ ನಿಯಮಕ್ಕೆ ಸರಿಯಾಗಿದೆ. ಆದರೆ ಮೊದಲ ಅಧ್ಯಾಯದಲ್ಲಿ ಸಾಯಲು ಹೊರಟ ಮಿರಾಯಿಯನ್ನು ಹಿಡಿಯಲು ನಸ್ಸೆ ಇದ್ದಳು, ಆಮೇಲೆ ಸಾಕಿ ಇದ್ದಳು, ಮುಕೈದೊ ಇದ್ದ. ನಕೌಮಿಯ ಪಾಲಿಗೆ ಸಿಕ್ಕಿದ್ದು ವಾದ ಮಾತ್ರ. ಹಿರಿಯರೆಲ್ಲ ಅವನ ಮಾತಿಗೆ ಉತ್ತರ ಕೊಟ್ಟರು. ನಿನಗೆ ಹೀಗೆ ಯಾವಾಗಿನಿಂದ ಅನಿಸುತ್ತಿದೆ ಮಗೂ ಎಂದು ಪಕ್ಕದಲ್ಲಿ ಕುಳಿತು ಕೇಳುವ ಒಂದು ಪುಟವನ್ನು ನಾನು ಕಾಯುತ್ತಲೇ ಇದ್ದೆ. ಅಷ್ಟೊಂದು ಬಲ್ಲ ಪ್ರೊಫೆಸರರೂ ಕೇಳಲಿಲ್ಲ, ಅದೇ ದಾರಿಯಲ್ಲಿ ನಡೆದು ಮರಳಿದ ಮಿರಾಯಿಯೂ ಸಾಕಷ್ಟು ಕೇಳಲಿಲ್ಲ. ಅವನನ್ನು ಪೀಠದಲ್ಲಿ ಕೂರಿಸಲು ಎಲ್ಲರೂ ಒಪ್ಪಿದರು.

ಕೊನೆಯ ಸಂಪುಟ ಮುಗಿಸಿದ ದಿನವೇ ನಾನು ಮೊದಲನೆಯದನ್ನು ಮತ್ತೆ ತೆರೆದೆ. ಬೀಳುತ್ತಿರುವ ಹುಡುಗನ ಕಡೆಗೆ ಬಿಳಿಯ ಆಕೃತಿಯೊಂದು ಧಾವಿಸುವ ಪುಟದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಮಂಗಳೂರಿನ ಓದುಗರು ಮೋಸವಾಯಿತೆನ್ನುವ ಮುನ್ನ ಒಮ್ಮೆ ಹಾಗೆ ಹಿಂದಕ್ಕೆ ಹೋಗಿ, ನಕೌಮಿಯ ಮುಖವನ್ನು ನೆನಪಿನಲ್ಲಿಟ್ಟುಕೊಂಡು ಆ ಪುಟವನ್ನು ನೋಡಬೇಕೆಂದು ಕೋರುತ್ತೇನೆ.